ಮೈಮೇಲೆ ಬಂದುದು ಏನು? ಆವೇಶದ ಚರಿತ್ರೆ – ಧರ್ಮಶಾಸ್ತ್ರ ಮತ್ತು ಮನಶ್ಶಾಸ್ತ್ರಗಳ ಬೆಳಕಿನಲ್ಲಿ

ಹೊಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯನ್ನು ಬೆಂಗಳೂರಿನವರು ‘ಹೊಸೂರು ರಸ್ತೆ’ ಎಂದೇ ಕರೆಯುತ್ತಾರೆ. ಮತ್ತಿಗಿರಿ, ಕೆಲಮಂಗಲ, ತಳಿ, ದೇಂಕಣಿಕೋಟೆಗಳ ನಮ್ಮ ಜನ ಓದಿಗೆ, ಉದ್ಯೋಗಕ್ಕೆ, ವ್ಯಾಪಾರಕ್ಕೆ ತಲೆಮಾರುಗಳಿಂದ ಈ ದಾರಿಯಲ್ಲಿ ಓಡಾಡಿದ್ದಾರೆ. ಮನೆಯಲ್ಲಿ ಯಾರದೋ ಮನಸ್ಸು ಕೆಟ್ಟಾಗಲೂ ಇದೇ ದಾರಿಯನ್ನು ಹಿಡಿದಿದ್ದಾರೆ. ನಿಮ್ಹಾನ್ಸ್ ಇರುವುದು ಈ ರಸ್ತೆಯಲ್ಲಿಯೇ. ಆದರೆ ಆ ಬಾಗಿಲನ್ನು ಮುಟ್ಟುವ ಮೊದಲು ಮಾರಮ್ಮನ ಗುಡಿ, ಮಂತ್ರವಾದಿಯ ಜಗಲಿ, ದರ್ಗಾ, ಚರ್ಚು, ಎಲ್ಲವನ್ನೂ ಸುತ್ತಿ ಬಂದವರೇ ನಮ್ಮಲ್ಲಿ ಹೆಚ್ಚು. ‘ಮೈಮೇಲೆ ಬರುವುದು’ ಎಂದು ನಾವು ಕರೆಯುವ ಸಂಗತಿಯನ್ನು ನಮ್ಮ ಹಿರಿಯರು, ಕ್ರೈಸ್ತ ದೇವಶಾಸ್ತ್ರಜ್ಞರು ಮತ್ತು ಮನೋವೈದ್ಯರು ಹೇಗೆ ಕಂಡರು ಎಂಬುದನ್ನು ಈ ಸಂಚಿಕೆಯ ಓದುಗರ ಮುಂದೆ ಸಂಗ್ರಹವಾಗಿ ಇಡುವುದು ನಮ್ಮ ಉದ್ದೇಶ.

ಮೊದಲಿಗೆ ನಮ್ಮ ನೆನಪಿನ ಒಂದು ಸಂಗತಿಯನ್ನು ಹೇಳಬೇಕು. ನಾವು ಚಿಕ್ಕವರಾಗಿದ್ದಾಗ ನಮ್ಮ ಬೀದಿಯ ಮನೆಯೊಂದಕ್ಕೆ ಕನಕಪುರದ ಕಡೆಯಿಂದ ಸೊಸೆಯೊಬ್ಬಳು ಬಂದಿದ್ದಳು. ನಮಗೆಲ್ಲ ಆಕೆ ‘ಅಕ್ಕ’. ಚೊಚ್ಚಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಕೆಲವು ತಿಂಗಳುಗಳ ಬಳಿಕ ಅಮಾವಾಸ್ಯೆಯ ಹೊತ್ತಿಗೆ ಆಕೆಯ ಕಣ್ಣು ನೆಟ್ಟಗಾಗುವುದು, ಕೂದಲು ಬಿಚ್ಚಿಕೊಂಡು ತೂಗುವುದು, ದನಿ ಬದಲಾಗಿ ತಮಿಳಿನಲ್ಲಿ ಮಾತನಾಡುವುದು ಆರಂಭವಾಯಿತು. ‘ನನ್ನ ಕೂಸನ್ನು ಕೊಡಿ’ ಎಂಬುದೊಂದೇ ಆ ದನಿಯ ಬೇಡಿಕೆ. “ಇವಳಿಗೆ ತಮಿಳು ಎಲ್ಲಿ ಬರುತ್ತದೆ? ಇದು ಇವಳಲ್ಲ, ಗಾಳಿ ಮೆಟ್ಟಿದೆ” ಎಂದು ಹಿರಿಯರು ತೀರ್ಮಾನಿಸಿದರು. ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು, ತಾಯತ ಕಟ್ಟಿಸಿದರು, ಒಂದು ದಿನ ಹುಣಿಸೆ ಬರಲಿನಿಂದ ಹೊಡೆಸಿಯೂ ಬಿಟ್ಟರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾವು ಹೆದರಿ ಓಡಿದೆವು. ಆ ಅಕ್ಕನ ಮೈಮೇಲೆ ಬಂದುದು ಏನು ಎಂಬ ಪ್ರಶ್ನೆ ಮಾತ್ರ ನಮ್ಮೊಡನೆ ಉಳಿಯಿತು.

ಬರುವುದು ಮತ್ತು ಹಿಡಿಯುವುದು

ಈ ವಿಷಯದಲ್ಲಿ ನಮ್ಮ ನುಡಿಯೇ ಒಂದು ವಿವೇಕವನ್ನು ತೋರಿಸುತ್ತದೆ. ದೇವರು ‘ಮೈಮೇಲೆ ಬರುತ್ತದೆ’. ದೆವ್ವ ‘ಹಿಡಿಯುತ್ತದೆ’, ಗಾಳಿ ‘ಮೆಟ್ಟುತ್ತದೆ’. ಮೊದಲನೆಯದು ಹೊತ್ತು, ಸ್ಥಳ, ವಿಧಿಗಳಿಗೆ ಒಳಪಟ್ಟದ್ದು. ಜಾತ್ರೆಯಲ್ಲಿ ತಮಟೆಯ ಸದ್ದಿಗೆ ಬಂದು, ಮಂಗಳಾರತಿಯ ಬಳಿಕ ಇಳಿದುಹೋಗುತ್ತದೆ. ಎರಡನೆಯದು ಕೇಳದೆ ಬರುವಂಥದು, ಬದುಕನ್ನು ಕೆಡಿಸುವಂಥದು. ನಮ್ಮ ನೆರೆಯ ತೆಲುಗರು ಮೊದಲನೆಯದನ್ನು ‘ಪೂನಕಂ’ ಎನ್ನುತ್ತಾರೆ, ತಮಿಳರು ‘ಸಾಮಿ ಆಡುವುದು’ ಎನ್ನುತ್ತಾರೆ; ಎರಡನೆಯದಕ್ಕೆ ಅವರಲ್ಲಿಯೂ ಬೇರೆ ಮಾತುಗಳೇ ಇವೆ. ಇನ್ನೊಂದು ಸ್ವಾರಸ್ಯವೆಂದರೆ ಕನ್ನಡದ ‘ದೆವ್ವ’ ಮತ್ತು ತೆಲುಗಿನ ‘ದಯ್ಯಂ’ ಎರಡೂ ‘ದೇವ’, ‘ದೈವ’ಗಳ ಕುಲದ ಶಬ್ದಗಳು. ಪೂಜಿಸುವುದಕ್ಕೂ ಹೆದರುವುದಕ್ಕೂ ಒಂದೇ ಬೇರಿನಿಂದ ಹೆಸರು ಹುಟ್ಟಿದೆ.

ತುಳುನಾಡಿನ ಸಿರಿ ಜಾತ್ರೆಗಳು ಈ ಎರಡರ ನಡುವಣ ಸೇತುವೆಯನ್ನು ತೋರಿಸುತ್ತವೆ. ಕವತ್ತಾರು ಮೊದಲಾದ ಕಡೆ ಹುಣ್ಣಿಮೆಯ ರಾತ್ರಿ ಹೆಂಗಸರು ಗುಂಪಾಗಿ ಸೇರಿ ಸಿರಿಯ ಆವೇಶಕ್ಕೆ ಒಳಗಾಗುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1970ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದರು. ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕಟದಿಂದ ಆವೇಶಕ್ಕೆ ಒಳಗಾದ ಹೆಣ್ಣನ್ನು ಅಲ್ಲಿಗೆ ಕರೆತಂದು ‘ನೀನು ಯಾರು?’ ಎಂದು ಕೇಳುತ್ತಾರೆ. ಆಕೆ ಸಿರಿಯ ಕಥೆಯ ಒಬ್ಬಳ ಹೆಸರನ್ನು ಹೇಳಿದ ಮೇಲೆ ಅವಳಿಗೆ ಆ ಬಳಗದಲ್ಲಿ ಒಂದು ಸ್ಥಾನ ದೊರೆಯುತ್ತದೆ. ಹಿಡಿದದ್ದು ಬಂದದ್ದಾಗಿ ಮಾರ್ಪಡುತ್ತದೆ. ಅಲ್ಲಿ ಬಡಿದು ಓಡಿಸುವ ಮಾತಿಲ್ಲ, ಕೇಳಿಸಿಕೊಳ್ಳುವ ಮಾತಿದೆ.

ನಮ್ಮ ಪ್ರಾಚೀನ ವೈದ್ಯವೂ ಈ ವಿಷಯದಲ್ಲಿ ಕುರುಡಾಗಿರಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆಯೂ ಒಂದು. ಆದರೂ ಚರಕಸಂಹಿತೆ ಉನ್ಮಾದದ ನಿದಾನವನ್ನು ವಿವರಿಸುವಾಗ, ತಾನೇ ಕ್ಲೇಶಕ್ಕೆ ಒಳಗಾಗದವನನ್ನು ದೇವತೆಗಳಾಗಲಿ ಪಿಶಾಚಗಳಾಗಲಿ ಕ್ಲೇಶಪಡಿಸಲಾರವು ಎಂದು ಸ್ಪಷ್ಟಪಡಿಸುತ್ತದೆ. ಪ್ರಜ್ಞೆಯ ತಪ್ಪುನಡೆಯಿಂದ ಹುಟ್ಟಿದ ರೋಗಕ್ಕೆ ದೇವತೆಗಳನ್ನು ದೂರಬಾರದು ಎಂಬುದು ಅದರ ನಿಲುವು.

ಪಾದ್ರಿಗಳು ತಂದ ಹೊಸ ಅರ್ಥ

ಕನ್ನಡ ನಾಡಿನ ಒಳಭಾಗಕ್ಕೆ ಕ್ರೈಸ್ತ ಧರ್ಮ ಬಂದುದು 17ನೆಯ ಶತಮಾನದ ನಡುಭಾಗದಲ್ಲಿ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಮೈಸೂರು ಮಿಷನ್ನನ್ನು ಕಟ್ಟಿದರು. ಟಿಪ್ಪುವಿನ ಪತನದ ನಂತರ ಇದೇ ಸೀಮೆಯಲ್ಲಿ ಕೆಲಸ ಮಾಡಿ 1823ರಲ್ಲಿ ಸ್ವದೇಶಕ್ಕೆ ಮರಳಿದ ಫ್ರೆಂಚ್ ಪಾದ್ರಿ ಅಬೆ ದುಬೊವಾ ಅವರ ಹೆಸರು ನಮ್ಮ ವಿಷಯಕ್ಕೆ ಮುಖ್ಯವಾದುದು. ಆ ಕಾಲದಲ್ಲಿ ಸಿಡುಬು ಬಂದರೆ ಜನ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಅದೂ ಮೈಮೇಲೆ ಬಂದದ್ದೇ! ಸೈತಾನನಿದ್ದಾನೆಂದು ನಂಬಿದ ಚರ್ಚಿನ ಆ ಪಾದ್ರಿ ಸಿಡುಬಿನ ಎದುರು ಹಿಡಿದದ್ದು ಮಂತ್ರವನ್ನಲ್ಲ, ಜೆನ್ನರನ ಲಸಿಕೆಯನ್ನು. ಮೈಸೂರು ಸೀಮೆಯಲ್ಲಿ ಸಾವಿರಾರು ಮಂದಿಗೆ ಅವರು ಲಸಿಕೆ ಹಾಕಿಸಿದರು. 1980ರಲ್ಲಿ ಸಿಡುಬು ಲೋಕದಿಂದಲೇ ಮಾಯವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾರಮ್ಮನ ಜಾತ್ರೆಗಳು ನಿಲ್ಲಲಿಲ್ಲ. ಭಕ್ತಿಗೂ ಚಿಕಿತ್ಸೆಗೂ ಹಗೆತನ ಇರಬೇಕಾಗಿಲ್ಲ ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಮುಂದೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಸುವಾರ್ತೆಗಳ ಗ್ರೀಕ್ ಮೂಲದಲ್ಲಿದ್ದ ‘ದೈಮೊನಿಯೊನ್’ ಎಂಬ ಶಬ್ದಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ದೆವ್ವ’ ಎಂಬ ಮಾತು ನೆಲೆಗೊಂಡಿತು. ಅನುವಾದಕ್ಕೆ ಅದು ಒದಗುವ ಮಾತೇ ಸರಿ. ಆದರೆ ಅದರ ಜೊತೆಗೆ ಊರಿನ ದೈವ, ಭೂತ, ಮಾರಿಗಳೆಲ್ಲವೂ ಸೈತಾನನ ಸಾಲಿಗೆ ಸೇರಿದುವು ಎಂಬ ಭಾವನೆಯೂ ಹರಡಿತು. ಬರುವುದಕ್ಕೂ ಹಿಡಿಯುವುದಕ್ಕೂ ನಮ್ಮವರು ಇಟ್ಟುಕೊಂಡಿದ್ದ ಅಂತರ ಅಲ್ಲಿ ಅಳಿಸಿಹೋಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಭೂತಾರಾಧನೆಯನ್ನು ಪಿಶಾಚಿಯ ಪೂಜೆ ಎಂದೇ ಕಂಡರು. ಆದರೂ ಅದೇ ಮಿಷನ್ನಿನ ಅಗಸ್ಟ್ ಮೆನ್ನರ್ ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಖಂಡಿಸಿದವರೇ ಕಾಪಾಡಿದರು.

ಈ ಮಿಷನ್ನಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ನಮ್ಮ ಓದುಗರು ಅಷ್ಟಾಗಿ ಕೇಳಿರಲಾರರು. ಮಂಗಳೂರಿಗೆ ಪಾದ್ರಿಗಳನ್ನು ತಯಾರು ಮಾಡಿ ಕಳುಹಿಸುತ್ತಿದ್ದ ಬಾಸೆಲ್ ನಗರದ ಶಾಲೆಯಲ್ಲಿ 1830ರ ದಶಕದಲ್ಲಿ ಯೋಹಾನ್ ಕ್ರಿಸ್ಟೊಫ್ ಬ್ಲೂಮ್‌ಹಾರ್ಟ್ ಎಂಬವರು ಉಪಾಧ್ಯಾಯರಾಗಿದ್ದರು. ಅವರು ಬಳಿಕ ಜರ್ಮನಿಯ ಮ್ಯೋಟ್ಲಿಂಗೆನ್ ಎಂಬ ಹಳ್ಳಿಯ ಪಾದ್ರಿಯಾದರು. ಅಲ್ಲಿ ಗೊಟ್‌ಲೀಬಿನ್ ಡಿಟ್ಟುಸ್ ಎಂಬ ಬಡ ಹೆಣ್ಣುಮಗಳಿಗೆ ದೆವ್ವ ಹಿಡಿದಿದೆ ಎಂಬ ಸುದ್ದಿ ಎದ್ದಿತು. ಬ್ಲೂಮ್‌ಹಾರ್ಟ್ 1842 ಮತ್ತು 1843ರ ಉದ್ದಕ್ಕೂ ಪ್ರಾರ್ಥನೆಯಿಂದ ಆಕೆಯ ಬೆನ್ನಿಗೆ ನಿಂತರು. ಗುಣವಾದ ಮೇಲೆ ಆಕೆ ಅವರ ಮನೆಯವಳಂತೆಯೇ ಬಾಳಿದಳು. ಇದೇ 1843ರಲ್ಲಿ, ಬಾಸೆಲ್ಲಿನಿಂದ ಬಂದ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ದೆವ್ವದ ಅಂಜಿಕೆ ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲ. ನಮಗೆ ಪತ್ರಿಕೆಯನ್ನು ಕೊಟ್ಟವರ ಊರಿನಲ್ಲಿಯೂ ಅದೇ ವರ್ಷ ಅದೇ ಸಂಕಟವಿತ್ತು.

ದೇವಶಾಸ್ತ್ರದ ಎಚ್ಚರಿಕೆ

ಯೇಸು ದೆವ್ವಗಳನ್ನು ಬಿಡಿಸಿದ ಪ್ರಸಂಗಗಳು ಸುವಾರ್ತೆಗಳಲ್ಲಿ ಹಲವಾಗಿವೆ. ಅಷ್ಟೇ ಮುಖ್ಯವಾದ ಮಾತೊಂದು ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿದೆ. ಯೇಸುವಿನ ಬಳಿಗೆ ಜನ ಕರೆತಂದವರ ಪಟ್ಟಿಯಲ್ಲಿ ದೆವ್ವ ಹಿಡಿದವರು, ಮೂರ್ಛೆರೋಗಿಗಳು, ಪಾರ್ಶ್ವವಾಯು ಪೀಡಿತರು ಬೇರೆ ಬೇರೆಯಾಗಿ ಎಣಿಸಲ್ಪಟ್ಟಿದ್ದಾರೆ. ಎಲ್ಲ ರೋಗವೂ ದೆವ್ವದ ಕಾಟವೇ ಎಂದು ಆ ಗ್ರಂಥ ಹೇಳುವುದಿಲ್ಲ.

ಕಥೋಲಿಕ ಚರ್ಚು ಈ ವಿವೇಕವನ್ನು ನಿಯಮವಾಗಿಸಿತು. 1614ರಲ್ಲಿ ಹೊರಬಂದ ರೋಮನ್ ವಿಧಿಗ್ರಂಥದ ಉಚ್ಚಾಟನೆಯ ಭಾಗ ಪಾದ್ರಿಗೆ ಕೊಡುವ ಮೊದಲ ಎಚ್ಚರಿಕೆಯೇ ದೆವ್ವ ಹಿಡಿದಿದೆ ಎಂದು ಸುಲಭವಾಗಿ ನಂಬಬೇಡ ಎಂಬುದು. ವಿಷಣ್ಣತೆಯಿಂದಲೋ ಬೇರೆ ರೋಗದಿಂದಲೋ ನರಳುವವರನ್ನು ಬೇರ್ಪಡಿಸಿ ನೋಡಬೇಕು ಎಂದು ಅದು ಆದೇಶಿಸುತ್ತದೆ. ಆಮೇಲೆ ಕೆಲವು ಗುರುತುಗಳನ್ನು ಹೇಳುತ್ತದೆ: ತಿಳಿಯದ ಭಾಷೆಯಲ್ಲಿ ಮಾತನಾಡುವುದು ಅಥವಾ ಅದನ್ನು ಅರ್ಥಮಾಡಿಕೊಳ್ಳುವುದು, ದೂರದ ಮತ್ತು ಗುಪ್ತವಾದ ಸಂಗತಿಗಳನ್ನು ಹೇಳುವುದು, ವಯಸ್ಸಿಗೂ ದೇಹಕ್ಕೂ ಮೀರಿದ ಬಲವನ್ನು ತೋರುವುದು. 1983ರ ಚರ್ಚ್ ಕಾನೂನಿನಂತೆ ಬಿಷಪರ ವಿಶೇಷ ಅನುಮತಿ ಇಲ್ಲದೆ ಯಾರೂ ಉಚ್ಚಾಟನೆ ಮಾಡುವಂತಿಲ್ಲ. 1999ರಲ್ಲಿ ಪ್ರಕಟವಾದ ಪರಿಷ್ಕೃತ ವಿಧಿಯೂ ಮೊದಲು ರೋಗವಲ್ಲವೆಂದು ಖಚಿತವಾಗಬೇಕೆಂಬ ಎಚ್ಚರಿಕೆಯನ್ನು ಉಳಿಸಿಕೊಂಡಿದೆ.

ಮೊದಲನೆಯ ಗುರುತನ್ನು ಓದಿದಾಗಲೆಲ್ಲ ನಮಗೆ ನಮ್ಮ ಬೀದಿಯ ಅಕ್ಕ ನೆನಪಾಗುತ್ತಾಳೆ. ಅವಳಿಗೆ ತಮಿಳು ಬಾರದು ಎಂದು ಮನೆಯವರು ನಂಬಿದ್ದರು. ಆದರೆ ಬಾಣಂತನದಲ್ಲಿ, ಮಗು ತೀರಿಕೊಂಡ ದಿನಗಳಲ್ಲಿ, ಅವಳ ಪಕ್ಕದಲ್ಲಿ ಕುಳಿತು ಅವಳ ಕಣ್ಣೀರನ್ನು ಒರೆಸಿದವಳು ಎದುರು ಮನೆಯ ತಮಿಳು ಅಜ್ಜಿ. ಮನೆಯವರು ಆ ಮಗುವಿನ ಮಾತನ್ನೇ ಎತ್ತಬಾರದೆಂದು ಕಟ್ಟು ಮಾಡಿದ್ದರು. ಅವಳ ದುಃಖವನ್ನು ಕೇಳಿದ್ದ ಒಂದೇ ಭಾಷೆಯಲ್ಲಿ ಆ ದುಃಖ ಹೊರಬಂದಿತು. ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುವ ಮತ್ತಿಗಿರಿಯಂತಹ ಗಡಿಯೂರಿನಲ್ಲಿ ‘ಬಾರದ ಭಾಷೆ’ ಎಂಬುದು ದೆವ್ವಕ್ಕೆ ಸಾಕ್ಷಿಯಾಗಲಾರದು. 1614ರ ಎಚ್ಚರಿಕೆಯನ್ನು ಅನುಸರಿಸುವ ಪಾದ್ರಿಯೂ ಇಲ್ಲಿ ಮೊದಲು ಆ ಅಜ್ಜಿಯನ್ನು ವಿಚಾರಿಸಬೇಕಾಗಿತ್ತು.

ಮನಶ್ಶಾಸ್ತ್ರ ಕಂಡ ಬಗೆ

ದೆವ್ವ ಬಿಡಿಸುವ ವಿಧಿಯಿಂದ ಮನಶ್ಶಾಸ್ತ್ರಕ್ಕೆ ದಾರಿ ತೆರೆದ ವರ್ಷ 1775 ಎಂದು ಇತಿಹಾಸಕಾರರು ಗುರುತಿಸುತ್ತಾರೆ. ದಕ್ಷಿಣ ಜರ್ಮನಿಯಲ್ಲಿ ಗಾಸ್ನರ್ ಎಂಬ ಪಾದ್ರಿ ಉಚ್ಚಾಟನೆಯಿಂದ ಸಾವಿರಾರು ಜನರನ್ನು ಸೆಳೆಯುತ್ತಿದ್ದ ಕಾಲ ಅದು. ವಿಯೆನ್ನಾದ ವೈದ್ಯ ಮೆಸ್ಮರ್ ದೇವರ ಹೆಸರನ್ನೇ ಎತ್ತದೆ ಅಂಥದೇ ನಡುಕವನ್ನು ಬರಿಸಿ, ಇಳಿಸಿ ತೋರಿಸಿದನು. ಅವನು ಕೊಟ್ಟ ‘ಪ್ರಾಣಿಕಾಂತ’ದ ವಿವರಣೆ ತಪ್ಪಾಗಿತ್ತು, ಆದರೆ ಮನಸ್ಸಿನ ಮೇಲೆ ಸೂಚನೆಗೆ ಎಂಥ ಬಲವಿದೆ ಎಂಬುದು ಅಲ್ಲಿಂದ ಬೆಳಕಿಗೆ ಬರತೊಡಗಿತು. 19ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಪಿಯರ್ ಜಾನೆ, ತಾಳಲಾರದ ಆಘಾತಕ್ಕೆ ಒಳಗಾದಾಗ ಮನಸ್ಸಿನ ಒಂದು ಭಾಗ ಉಳಿದುದರಿಂದ ಬೇರ್ಪಟ್ಟು ತಾನೇ ಮಾತನಾಡಬಲ್ಲದು, ನಡೆಯಬಲ್ಲದು ಎಂದು ವಿವರಿಸಿದನು. ಇದನ್ನೇ ಇಂದಿನ ಮನೋವೈದ್ಯರು ‘ವಿಘಟನೆ’ ಎನ್ನುತ್ತಾರೆ. ಇದು ನಟನೆಯಲ್ಲ, ಸುಳ್ಳೂ ಅಲ್ಲ. ಆವೇಶಗೊಂಡವಳಿಗೆ ತಾನು ಆಡಿದ ಮಾತು ಬಹುಸಾರಿ ನೆನಪಿರುವುದಿಲ್ಲ. ‘ಸೋಗು ಹಾಕುತ್ತಾಳೆ’ ಎಂದು ಗದರುವುದು ಬರಲಿನ ಏಟಿನಷ್ಟೇ ಅನ್ಯಾಯ.

ನಮ್ಮ ನಾಡಿನಲ್ಲಿ ಈ ಅಧ್ಯಯನ ಹಳ್ಳಿಗೇ ಹೋಗಿ ನಡೆಯಿತು. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅಂದಿನ ದಕ್ಷಿಣ ಕನ್ನಡದ ಕೋಟದಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ 1976ರಲ್ಲಿ ಪುಸ್ತಕವಾಯಿತು. ಅಲ್ಲಿಯ ಜನ ವೈದ್ಯ, ಮಂತ್ರವಾದಿ, ಪಾತ್ರಿ, ಆಧುನಿಕ ಡಾಕ್ಟರು ಎಂದು ಹಲವರ ಬಳಿಗೆ ಏಕಕಾಲದಲ್ಲಿ ಹೋಗುತ್ತಿದ್ದುದನ್ನು ಅವರು ಕಂಡರು. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದೇ ದಶಕದಲ್ಲಿ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ, ನಮ್ಮ ಗಡಿಗೆ ಸಮೀಪದಲ್ಲಿಯೇ, ಅದು ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಅಲ್ಲಿಯ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಮನೋರೋಗವೆಂದರೆ ಶಾಪವಲ್ಲ ಎಂಬುದನ್ನು ಮನೆಮನೆಗೆ ಮುಟ್ಟಿಸಿದವು. ಕಥೋಲಿಕ ಚರ್ಚು 1963ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿಯೂ ಮನೋವೈದ್ಯ ವಿಭಾಗವಿದೆ. ಉಚ್ಚಾಟನೆಯ ವಿಧಿಯನ್ನು ಇಟ್ಟುಕೊಂಡಿರುವ ಚರ್ಚೇ ಮನೋವೈದ್ಯರನ್ನೂ ತಯಾರು ಮಾಡುತ್ತಿದೆ.

ಮನೋವೈದ್ಯವೂ ಕಾಲಕ್ರಮದಲ್ಲಿ ವಿನಯವನ್ನು ಕಲಿತಿದೆ. ವಿಶ್ವ ಆರೋಗ್ಯ ಸಂಸ್ಥೆಯ 1992ರ ರೋಗಗಳ ಪಟ್ಟಿಯಲ್ಲಿ ಆವೇಶಕ್ಕೆ ಸ್ಥಾನ ದೊರೆಯಿತು. 2022ರಿಂದ ಜಾರಿಗೆ ಬಂದ ಪಟ್ಟಿಯಲ್ಲಿಯೂ ಅದು ಇದೆ. ಆದರೆ ಸಮುದಾಯ ಒಪ್ಪಿಕೊಂಡ ಧಾರ್ಮಿಕ ಆಚರಣೆಯ ಭಾಗವಾಗಿ ಬರುವ ಆವೇಶವನ್ನು ರೋಗವೆಂದು ಎಣಿಸಬಾರದು ಎಂಬ ಕಟ್ಟಳೆಯೂ ಅಲ್ಲಿಯೇ ಇದೆ. ತಾನಾಗಿ ಬಯಸದೆ ಬರುವ, ಸಂಕಟ ಕೊಡುವ, ಬದುಕನ್ನು ಕೆಡಿಸುವ ಆವೇಶ ಮಾತ್ರ ರೋಗ. ಬರುವುದು ಬೇರೆ, ಹಿಡಿಯುವುದು ಬೇರೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಮಾತಿಗೆ ಇದು ಎಷ್ಟು ಹತ್ತಿರದ್ದು!

ಎಚ್ಚರ ತಪ್ಪಿದಾಗ

ಈ ಎಚ್ಚರ ತಪ್ಪಿದಲ್ಲೆಲ್ಲ ಪ್ರಾಣಗಳು ಹೋಗಿವೆ. ಜರ್ಮನಿಯ ಕ್ಲಿಂಗೆನ್‌ಬೆರ್ಗ್‌ನಲ್ಲಿ ಆನೆಲೀಸ್ ಮಿಖೆಲ್ ಎಂಬ 23 ವರ್ಷದ ವಿದ್ಯಾರ್ಥಿನಿಗೆ ಮೂರ್ಛೆರೋಗವಿತ್ತು. ತಿಂಗಳುಗಟ್ಟಲೆ 67 ಸಲ ಉಚ್ಚಾಟನೆ ನಡೆಸಿದ ಮೇಲೆ, ಅನ್ನಾಹಾರವಿಲ್ಲದೆ ಬಡಕಲಾಗಿ 1976ರ ಜುಲೈ 1ರಂದು ಆಕೆ ತೀರಿಕೊಂಡಳು. ಅಲ್ಲಿ ಬಿಷಪರ ಅನುಮತಿಯೂ ಇತ್ತು, ಇಲ್ಲದಿದ್ದುದು ವೈದ್ಯರು. ತಂದೆತಾಯಿಗಳೂ ಇಬ್ಬರು ಪಾದ್ರಿಗಳೂ 1978ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ನಮ್ಮದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು, ದರ್ಗಾದ ಆಸರೆಯನ್ನು ಅರಸಿ ಬಂದವರಿಗಾಗಿ ಖಾಸಗಿಯವರು ನಡೆಸುತ್ತಿದ್ದ ಕೊಟ್ಟಿಗೆಗೆ ಬೆಂಕಿ ಬಿದ್ದಿತು. ಸರಪಳಿಯಲ್ಲಿ ಕಟ್ಟಿಹಾಕಲ್ಪಟ್ಟಿದ್ದ 28 ಮಂದಿ ಓಡಲಾಗದೆ ಸತ್ತರು. ಅವರನ್ನು ಅಲ್ಲಿ ಬಿಟ್ಟವರೂ ಕುಟುಂಬದವರೇ. ಪ್ರೀತಿ ಇರಲಿಲ್ಲವೆಂದಲ್ಲ, ಬೇರೆ ದಾರಿ ಕಾಣಲಿಲ್ಲ.

ಇಡೀ ದೇಶಕ್ಕೆ ಅನ್ವಯಿಸುವ 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದಲ್ಲಿ ವಾಮಾಚಾರ ತಡೆಯ 2017ರ ಕಾಯ್ದೆಯಂತೆ ಪ್ರತ್ಯೇಕ ಅಪರಾಧವಾಗಿದೆ. ಆ ಕಾಯ್ದೆ ಅತ್ತಿಬೆಲೆಯ ಗಡಿಯನ್ನು ದಾಟಿ ನಮ್ಮತ್ತ ಬರುವುದಿಲ್ಲ. ಆದುದರಿಂದ ಗಡಿಯ ಈಚೆಗಿರುವ ನಮ್ಮ ಮನೆಗಳಲ್ಲಿ ಆ ಎಚ್ಚರವನ್ನು ನಾವೇ ಕಾಯಬೇಕು.

ಹಾಗೆಂದು ಗುಡಿಯ ಬಾಗಿಲನ್ನು ಮುಚ್ಚಬೇಕೆಂದು ನಾವು ಹೇಳುವುದಿಲ್ಲ. ನಿಮ್ಹಾನ್ಸಿನ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಕೆಲವು ವಾರಗಳ ವಾಸದಲ್ಲಿ ಅವರ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದುವು. ಅಲ್ಲಿ ವಿಶೇಷ ಮಂತ್ರವಿಧಿಗಳಿರಲಿಲ್ಲ. ಗದರಿಕೆಯಿಲ್ಲದ ನೆಲೆ, ಜೊತೆಗೆ ಮನೆಯವರು, ಮಾಡಲು ಸಣ್ಣಪುಟ್ಟ ಕೆಲಸ, ಇಷ್ಟೇ ಇತ್ತು. ಆಸರೆಯೂ ಒಂದು ಔಷಧ. ಆದರೆ ಔಷಧ ಬೇಕಾದ ಕಡೆ ಆಸರೆಯೊಂದೇ ಸಾಲದು.

ನಮ್ಮ ಬೀದಿಯ ಅಕ್ಕನನ್ನು ಕೊನೆಗೆ ಅವಳ ತಮ್ಮ ಬೆಂಗಳೂರಿಗೆ ಕರೆದೊಯ್ದನು. ಡಾಕ್ಟರು ಮನೆಯವರನ್ನೆಲ್ಲ ಹೊರಗೆ ಕೂಡಿಸಿ ಅವಳೊಬ್ಬಳೊಡನೆ ಬಹಳ ಹೊತ್ತು ಮಾತನಾಡಿದರಂತೆ. ಮೊದಲು ಕೇಳಿದ್ದು “ಮಗುವಿಗೆ ಏನು ಹೆಸರಿಡಬೇಕೆಂದಿದ್ದಿರಿ ತಾಯಿ?” ಎಂದು. ಅಕ್ಕ ಅಂದು ಅತ್ತದ್ದನ್ನು ತಮ್ಮ ಊರಿಗೆ ಬಂದು ಹೇಳಿದನು. ಮಾತ್ರೆಗಳೂ ಕೆಲವು ತಿಂಗಳು ನಡೆದವು, ಆರೈಕೆಯೂ ನಡೆಯಿತು, ಅಮಾವಾಸ್ಯೆಯ ಆ ದನಿ ನಿಂತಿತು. ಮಾರಮ್ಮನಿಗೆ ತಂಬಿಟ್ಟಿನ ಆರತಿ ಎತ್ತುವುದನ್ನು ಆಕೆ ಕೊನೆಯವರೆಗೂ ಬಿಡಲಿಲ್ಲ. ಎದುರು ಮನೆಯ ಅಜ್ಜಿಯೊಡನೆ ತಮಿಳಿನಲ್ಲಿ ಮಾತನಾಡುವುದನ್ನೂ ಬಿಡಲಿಲ್ಲ.

ಚರಕರು, ವಿಧಿಗ್ರಂಥ ಬರೆದ ಪಾದ್ರಿಗಳು, ಇಂದಿನ ವೈದ್ಯರು ಬೇರೆ ಬೇರೆ ನಂಬಿಕೆಯವರು. ದೆವ್ವವಿದೆಯೇ ಇಲ್ಲವೇ ಎಂಬಲ್ಲಿ ಅವರಿಗೆ ಒಮ್ಮತವಿಲ್ಲ. ಆದರೆ ನರಳುವವರನ್ನು ಮೊದಲು ರೋಗಿಯೆಂದು ನೋಡಿ, ಆಮೇಲೆ ಬೇರೆ ಮಾತು ಎಂಬಲ್ಲಿ ಮೂವರೂ ಒಂದಾಗುತ್ತಾರೆ. ಸಂಘದ ಸದಸ್ಯರಲ್ಲಿ, ವಿಶೇಷವಾಗಿ ಮನೆಯ ಹಿರಿಯರಲ್ಲಿ, ನಮ್ಮ ಕೋರಿಕೆಯೂ ಇದೇ. ಹರಕೆ ಹೊರಿ, ಪ್ರಾರ್ಥನೆ ಮಾಡಿಸಿ. ಆದರೆ ಬರಲನ್ನು ಎತ್ತಬೇಡಿ, ವೈದ್ಯರ ಬಳಿಗೆ ಕರೆದೊಯ್ಯುವುದನ್ನು ನಾಳೆಗೆ ಮುಂದೂಡಬೇಡಿ. ಹೊಸೂರು ರಸ್ತೆ ನಮ್ಮ ಮನೆಯ ಮುಂದೆಯೇ ಇದೆ.